ಬಂಡೆ ಹತ್ತುವ ಮುಂಚೆ ಇನ್ಶೂರೆನ್ಸ್ ಪೇಪರ್ ಒಮ್ಮೆ ಓದಿ

ಅಮೆರಿಕದಲ್ಲಿದ್ದು, ವೀಕೆಂಡ್ ಬಂದರೆ ಬಂಡೆ ಹತ್ತೋಕೋ ಸ್ಕೈಡೈವಿಂಗ್‌ಗೋ ಹೊರಡುವವರಿಗೆ ಒಂದು ಮಾತು. ಹವ್ಯಾಸ ನೋಡಿ ನೀವು ಕೆಲಸ ಮಾಡುವ ಕಂಪನಿಯ ಹೆಲ್ತ್ ಪ್ಲಾನ್ ನಿಮ್ಮನ್ನು ಹೊರಗಿಡುವಂತಿಲ್ಲ. ಆದರೆ ಅಂಥ ಆಟದಲ್ಲಾದ ಗಾಯಕ್ಕೆ ದುಡ್ಡು ಕೊಡಲ್ಲ ಅಂತ ಕೆಲವು ಪ್ಲಾನ್‌ಗಳು ಬರೆದಿಡಬಹುದು, ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಚಿಕ್ಕ ಸಾರಾಂಶ ಸಾಲದು, ಪೂರ್ತಿ ಡಾಕ್ಯುಮೆಂಟ್ ತರಿಸಿಕೊಂಡು 'ಎಕ್ಸ್‌ಕ್ಲೂಷನ್ಸ್' ಅನ್ನೋ ಭಾಗ ಓದಿ.

ಡಿಡಕ್ಟಿಬಲ್ (ಇನ್ಶೂರೆನ್ಸ್ ದುಡ್ಡು ಕೊಡೋಕೆ ಶುರು ಮಾಡುವ ಮುಂಚೆ ನೀವೇ ಕಟ್ಟಬೇಕಾದ ಮೊತ್ತ) ಜಾಸ್ತಿ ಇರುವ, ಎಚ್‌ಎಸ್‌ಎಗೆ (ಹೆಲ್ತ್ ಸೇವಿಂಗ್ಸ್ ಅಕೌಂಟ್, ಅಂದರೆ ವೈದ್ಯಕೀಯ ಖರ್ಚಿಗೆಂದು ಟ್ಯಾಕ್ಸ್ ಇಲ್ಲದೆ ದುಡ್ಡು ಕೂಡಿಡುವ ಖಾತೆ) ಹೊಂದುವ ಪ್ಲಾನ್ ನಿಮ್ಮದಾದರೆ ಆ ಖಾತೆಯನ್ನು ಈಗಲೇ ತೆರೆಯಿರಿ, ಸ್ವಲ್ಪವೇ ದುಡ್ಡು ಹಾಕಿದರೂ ಪರವಾಗಿಲ್ಲ. ಯಾಕಂದ್ರೆ ಖಾತೆ ತೆರೆಯೋ ಮುಂಚೆ ಮುರಿದ ಕೈಗೆ ಆದ ಖರ್ಚನ್ನು ಅದರಿಂದ ಟ್ಯಾಕ್ಸ್ ಇಲ್ಲದೆ ತೆಗೆಯೋಕಾಗಲ್ಲ. ನನ್ನ ಮಣಿಕಟ್ಟು ಮುರಿದಾಗ ಎಕ್ಸ್‌ರೇ, ಪ್ಲಾಸ್ಟರ್, ಆಮೇಲೆ ವಾರಗಟ್ಟಲೆ ಫಿಸಿಯೋಥೆರಪಿ, ಎಲ್ಲವೂ ಡಿಡಕ್ಟಿಬಲ್ ತುಂಬುವವರೆಗೆ ನನ್ನ ಜೇಬಿನಿಂದಲೇ ಹೋಯಿತು. ಆಗ ಈ ಖಾತೆಯೇ ಕೈ ಹಿಡಿದದ್ದು.

2026ರಲ್ಲಿ ಈ ಖಾತೆಗೆ ಹಾಕಬಹುದಾದ ದುಡ್ಡಿನ ಮಿತಿ ಒಬ್ಬರಿಗೆ 4,400 ಡಾಲರ್, ಕುಟುಂಬಕ್ಕೆ 8,750. ವರ್ಷ ಮುಗಿದರೂ ಉಳಿದ ದುಡ್ಡು ನಿಮ್ಮದೇ. ವೈದ್ಯಕೀಯವಲ್ಲದ ಬೇರೆ ಖರ್ಚಿಗೆ ಮಾತ್ರ ಮುಟ್ಟಬೇಡಿ, 65 ತುಂಬುವ ಮುಂಚೆ ತೆಗೆದರೆ ಟ್ಯಾಕ್ಸ್ ಜೊತೆಗೆ 20% ದಂಡ. ಖಾತೆ ತೆರೆದ ಮೇಲೆ ಜೇಬಿನಿಂದ ಕಟ್ಟಿದ ವೈದ್ಯಕೀಯ ಖರ್ಚಿನ ರಸೀದಿಗಳನ್ನು ಫೋಟೋ ತೆಗೆದಿಟ್ಟುಕೊಳ್ಳಿ, ಎಷ್ಟು ವರ್ಷ ಬಿಟ್ಟಾದರೂ ಆ ದುಡ್ಡನ್ನು ಖಾತೆಯಿಂದ ವಾಪಸ್ ತಗೋಬಹುದು.