ಹಳೆಯ ಕೊಲೆ ಪ್ರಕರಣಕ್ಕೆ ಜನರ ಮಾಹಿತಿ ಕೇಳುವಾಗ ನಾನು ಅನುಸರಿಸುವ ಕ್ರಮ

ಆರೋಪಿ ಪತ್ತೆಯಾಗಲಿಲ್ಲ ಎಂಬ ಸಿ ರಿಪೋರ್ಟ್ ಹಾಕಿ ಹತ್ತಾರು ವರ್ಷ ಕಟ್ಟಿಟ್ಟ ಕೊಲೆ ಕಡತವನ್ನು ಮತ್ತೆ ಬಿಚ್ಚುವಾಗ ನಾನು ಮೊದಲು ಹೋಗುವುದು ವಶಪಡಿಸಿಕೊಂಡ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆಗೆ. ರಕ್ತದ ಕಲೆಯ ಅಂಗಿ, ತಾಳಿ, ಹಲ್ಲು ನಿಜಕ್ಕೂ ಇವೆಯೇ, ವಸ್ತುವಿನ ಮೇಲಿನ ಪಿಎಫ್ (ಪ್ರಾಪರ್ಟಿ ಫಾರ್ಮ್) ನಂಬರ್ ತಾಳೆಯಾಗುತ್ತದೆಯೇ, ಸೀಲು ಒಡೆದಿಲ್ಲವೇ ಎಂದು ನೋಡದೆ ಪ್ರಕಟಣೆ ಹೊರಡಿಸಿದರೆ, ಒಳ್ಳೆಯ ಮಾಹಿತಿ ಬಂದ ದಿನ ಹೋಲಿಸಿ ನೋಡಲು ಕೈಯಲ್ಲಿ ಏನೂ ಇರುವುದಿಲ್ಲ. ಕೊಲೆಗೆ ಕಾಲಮಿತಿ ಇಲ್ಲ. ಹೆಚ್ಚಿನ ತನಿಖೆಗೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 173(8) ಇತ್ತು, ಈಗ ಅದರ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 193(9) ಇದೆ. ನ್ಯಾಯಾಲಯಕ್ಕೆ ತಿಳಿಸಿದ ಪತ್ರದ ಪ್ರತಿ ಕಡತದಲ್ಲಿರಲಿ.

ಆಮೇಲೆ ಗುಟ್ಟಿನ ಹಾಳೆ. ಕೊಂದವನಿಗೆ ಮತ್ತು ಮಹಜರಿನಲ್ಲಿ ಇದ್ದವರಿಗೆ ಮಾತ್ರ ಗೊತ್ತಿರುವ ಮೂರು ಸಂಗತಿಗಳನ್ನು ಬರೆದು, ತಾರೀಖು ಹಾಕಿ, ಮುಚ್ಚಿದ ಲಕೋಟೆಯಲ್ಲಿ ಮೇಲಧಿಕಾರಿಗೆ ಒಪ್ಪಿಸಿ, ಅದೇ ದಿನ ಕೇಸ್ ಡೈರಿಯಲ್ಲಿ ನಮೂದಿಸುತ್ತೇನೆ. ಕೈ ಕಟ್ಟಿದ ಹಗ್ಗ ಯಾವ ಬಗೆಯದು, ಗಂಟು ಹೇಗಿತ್ತು, ಒಂದು ಕಾಲಿನ ಉಂಗುರ ಮಾತ್ರ ಇರಲಿಲ್ಲ ಎಂಬಂಥವು. ಇದರಲ್ಲಿ ಒಂದಕ್ಷರವೂ ಪತ್ರಿಕೆಗೆ ಹೋಗಬಾರದು. ಸುಳ್ಳು ಕರೆಗಳನ್ನು ಜರಡಿ ಹಿಡಿಯುವುದು ಇದರ ಸಣ್ಣ ಉಪಯೋಗ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆ ಹೇಳಿಕೆಯಿಂದ ಹೊಸದಾಗಿ ಪತ್ತೆಯಾದ ಸಂಗತಿಗೆ ಸಂಬಂಧಪಟ್ಟಷ್ಟು ಭಾಗ ಮಾತ್ರ ನಿಲ್ಲುತ್ತದೆ: ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಈಗಿನ ಸಾಕ್ಷ್ಯ ಅಧಿನಿಯಮದ 23. "ಮಚ್ಚನ್ನು ಊರ ಹೊರಗಿನ ಬಾವಿಗೆ ಎಸೆದಿರುವ ಶಂಕೆ" ಎಂದು ನಾವೇ ಅಚ್ಚು ಹಾಕಿಸಿದರೆ, ನಾಳೆ ಆರೋಪಿ ತೋರಿಸಿಕೊಟ್ಟ ಬಾವಿಗೆ ಯಾವ ಬೆಲೆಯೂ ಉಳಿಯುವುದಿಲ್ಲ. ಇಡೀ ಊರಿಗೆ ಗೊತ್ತಿದ್ದದ್ದನ್ನು ಅವನು ಹೇಳಿದ, ಅಷ್ಟೇ.

ಶಂಕಿತನ ಫೋಟೋದ್ದೂ ಇದೇ ಕಥೆ. ಪ್ರತ್ಯಕ್ಷಸಾಕ್ಷಿ ಬದುಕಿದ್ದು, ಹಲವರ ನಡುವೆ ಶಂಕಿತನನ್ನು ನಿಲ್ಲಿಸಿ ಗುರುತು ಪತ್ತೆ ಪರೇಡ್ ಮಾಡಿಸುವ ಆಸೆ ಇನ್ನೂ ಇದ್ದರೆ ಫೋಟೋ ಹಾಕಲೇಬೇಡಿ. ಪೇಪರಿನಲ್ಲಿ ನೋಡಿದ ಮುಖವನ್ನೇ ಸಾಕ್ಷಿ ಗುರುತಿಸಿದ ಎಂದು ಪಾಟೀಸವಾಲಿನಲ್ಲಿ ಬಂದರೆ ಪರೇಡ್ ಅಲ್ಲಿಗೆ ಮುಗಿಯಿತು.

ಗುರುತು ಸಿಗದ ಶವವಾದರೆ ಲೆಕ್ಕ ಬೇರೆ. ಚಾರ್ಮಾಡಿ, ಶಿರಾಡಿಯಂಥ ಘಾಟಿಗಳಲ್ಲಿ ಸಿಗುವ ದೇಹ ಆ ಊರಿನದೇ ಆಗಿರಬೇಕೆಂದಿಲ್ಲ. ರಾತ್ರಿ ವಾಹನದಲ್ಲಿ ತಂದು ಎಸೆದಿರಬಹುದು. ಹಾಗಾಗಿ ಗಡಿಯಾಚೆಗೆ ಮಲಯಾಳಂ, ತೆಲುಗು, ಮರಾಠಿಯಲ್ಲೂ ಪ್ರಕಟಣೆ ಬೇಕು. ಕೊಳೆತ ಮುಖದ ಫೋಟೋ ಹಾಕುವುದು ಸತ್ತವರಿಗೆ ಅವಮಾನ, ಪ್ರಯೋಜನವೂ ಇಲ್ಲ. ಹೆತ್ತ ತಾಯಿಯೇ ನೋಡಿ "ನಮ್ಮವಳಲ್ಲ" ಎಂದುಬಿಡುತ್ತಾಳೆ. ವಸ್ತುಗಳನ್ನು ತೋರಿಸಿ. "ಹಸಿರು ಸೀರೆ, ಅಂದಾಜು 30 ವರ್ಷ, ಸಾಧಾರಣ ಮೈಕಟ್ಟು" ಎಂದು ಬರೆದರೆ ಯಾರೂ ಫೋನ್ ಮಾಡುವುದಿಲ್ಲ. ಅದೇ ಸೀರೆಯ ಸೆರಗು ಬಿಚ್ಚಿ ನೋಡಿ. ಕೆಂಪು ಬಿಳಿ ತೆನೆಯಂಥ ತೋಪು ವಿನ್ಯಾಸ ಇದ್ದರೆ ಅದು ಇಳಕಲ್, ಹುಡುಕಾಟ ಉತ್ತರದ ಜಿಲ್ಲೆಗಳತ್ತ ತಿರುಗುತ್ತದೆ. ತಾಳಿಯನ್ನು ಮುಂದೆ, ಹಿಂದೆ ಎರಡೂ ಕಡೆಯಿಂದ, ಪಕ್ಕದಲ್ಲಿ ಸೆಂಟಿಮೀಟರ್ ಪಟ್ಟಿ ಇಟ್ಟು, ಬಿಳಿ ಬಟ್ಟೆಯ ಮೇಲೆ, ಫ್ಲ್ಯಾಶ್ ಇಲ್ಲದೆ ಹಗಲು ಬೆಳಕಿನಲ್ಲಿ ತೆಗೆಯಿರಿ. ತಾಳಿಯ ಆಕಾರ ಜಾತಿ, ಸೀಮೆಗೆ ತಕ್ಕಂತೆ ಬದಲಾಗುತ್ತದೆ. ಬೆನ್ನಲ್ಲಿ ಅಕ್ಕಸಾಲಿಗನ ಗುರುತೂ ಇರಬಹುದು. ಅಂಗಿಯಾದರೆ ಕಾಲರಿನ ಒಳಗಿನ ಟೈಲರ್ ಲೇಬಲ್. ಅಕ್ಷರ ಮಾಸಿದ್ದರೂ ಫೋನ್ ನಂಬರಿನ ಕೆಲವು ಅಂಕಿ ಉಳಿದಿದ್ದರೆ ಊರು ಹಿಡಿಯಲು ಸುಳಿವು ಸಿಗಬಹುದು.

ಹಚ್ಚೆಯ ಬಲ ಎಷ್ಟೆಂಬುದಕ್ಕೆ ಬೆಲ್ಜಿಯಂನ ಪ್ರಕರಣ ನೋಡಿ. 1992ರ ಜೂನ್‌ನಲ್ಲಿ ಆಂಟ್‌ವರ್ಪ್‌ನ ನದಿಯಲ್ಲಿ ಕೊಲೆಯಾದ ಮಹಿಳೆಯ ಶವ ಸಿಕ್ಕಿತು; ಗುರುತು ಸಿಗಲಿಲ್ಲ. 2023ರಲ್ಲಿ ಇಂಟರ್‌ಪೋಲ್ ಜೊತೆ ಸೇರಿ ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ ಪೊಲೀಸರು 22 ಅಪರಿಚಿತ ಮಹಿಳೆಯರ ವಿವರ ಪ್ರಕಟಿಸಿದಾಗ, ಮುಂಗೈಯ ಕಪ್ಪು ಹೂವಿನ ಹಚ್ಚೆಯನ್ನು ಬ್ರಿಟನ್ನಿನಲ್ಲಿದ್ದ ಬಂಧುವೊಬ್ಬರು ಸುದ್ದಿಯಲ್ಲಿ ನೋಡಿ ಗುರುತಿಸಿದರು. 31 ವರ್ಷಗಳ ನಂತರ!

ಬಂಧುಗಳು ಬಂದರೆ ಡಿಎನ್‌ಎ ಹೋಲಿಕೆ. ಇಲ್ಲಿ ಮಾಮೂಲಿ ಎಡವಟ್ಟು ಫಾರ್ಮಲಿನ್, ದೇಹದ ಭಾಗ ಕೊಳೆಯದಂತೆ ಇಡುವ ದ್ರಾವಣ. ಅದರಲ್ಲಿ ಮುಳುಗಿಸಿಟ್ಟ ಮಾದರಿಯಲ್ಲಿ ಡಿಎನ್‌ಎ ಹಾಳಾಗುತ್ತದೆ. ದವಡೆ ಹಲ್ಲು, ತೊಡೆಮೂಳೆಯ ತುಂಡನ್ನು ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಕಳಿಸಬೇಕು, ಪ್ಲಾಸ್ಟಿಕ್ ಚೀಲ ಬೇಡ. ರಕ್ತದ ಮಾದರಿ ತಂದೆ, ತಾಯಿ ಅಥವಾ ಮಕ್ಕಳದ್ದಾದರೆ ಉತ್ತಮ.

ಸಮಯದ ಆಯ್ಕೆ ಸಣ್ಣ ವಿಷಯವಲ್ಲ. ಹತ್ತು ವರ್ಷದಲ್ಲಿ ಸಾಕ್ಷ್ಯ ಹಳತಾಗುತ್ತದೆ, ಆದರೆ ಸಂಬಂಧಗಳು ಮುರಿಯುತ್ತವೆ: ಗಂಡನನ್ನು ಬಿಟ್ಟ ಹೆಂಡತಿ, ಜಮೀನು ಪಾಲಿನಲ್ಲಿ ಜಗಳವಾಡಿದ ತಮ್ಮ, ದುಡ್ಡು ಸಿಗದ ಜೊತೆಗಾರ. ಅಂದು ಬಾಯಿ ಬಿಡದವರು ಇಂದು ಬಿಟ್ಟಾರು. ಅವರೆಲ್ಲ ಊರಿಗೆ ಬರುವುದು ಜಾತ್ರೆಗೆ, ದೀಪಾವಳಿಗೆ. ಅದಕ್ಕೆ ನಾಲ್ಕು ದಿನ ಮೊದಲು ಬಸ್ ನಿಲ್ದಾಣ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಗಳಲ್ಲಿ ಪ್ರಕಟಣೆ ಅಂಟಿಸಿ. ಇನ್ನೂ ಮೊದಲು ಸತ್ತವರ ಮನೆಗೆ ಹೋಗಿ ಕೂತು ಹೇಳಿ ಬನ್ನಿ; ಗೋಡೆಯ ಮೇಲಿನ ಕಾಗದದಿಂದ ಅವರಿಗೆ ವಿಷಯ ತಿಳಿಯಬಾರದು. ಮನೆಯವರ ನಂಬರ್ ಅಚ್ಚಾಗಲೂಬಾರದು. "ಕೊಂದವನು ಗೊತ್ತು, ಮೊದಲು ದುಡ್ಡು ಹಾಕಿ" ಎನ್ನುವವರು ಆ ನಂಬರಿಗೇ ಕಾಯುತ್ತಿರುತ್ತಾರೆ.

ಬಹುಮಾನವನ್ನು ಮಂಜೂರಾತಿ ಆದೇಶ ಕೈಗೆ ಬರುವವರೆಗೆ ಬಾಯಲ್ಲೂ ಹೇಳಬೇಡಿ. ಗೌರಿ ಲಂಕೇಶ್ ಹತ್ಯೆಯಲ್ಲಿ ಸರ್ಕಾರ 10 ಲಕ್ಷ ರೂಪಾಯಿ ಘೋಷಿಸಿತ್ತು. ಅಷ್ಟು ದೊಡ್ಡ ಮೊತ್ತ ಎಲ್ಲ ಕಡತಕ್ಕೂ ಸಿಗುವುದಿಲ್ಲ. ಹಣ ಮಾಹಿತಿಗೆ, ಸಾಕ್ಷ್ಯಕ್ಕಲ್ಲ. ಹಣ ಪಡೆದವನನ್ನು ಕಟಕಟೆ ಹತ್ತಿಸಿದರೆ ಎದುರು ವಕೀಲರ ಮೊದಲ ಪ್ರಶ್ನೆಯೇ ಅದು. ಮಾಹಿತಿದಾರನ ಹೆಸರು ಹೇಳೆಂದು ಪೊಲೀಸ್ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ, ಹಳೆಯ ಸಾಕ್ಷ್ಯ ಕಾಯ್ದೆಯ 125ನೇ ಕಲಂ, ಈಗಿನ ಸಾಕ್ಷ್ಯ ಅಧಿನಿಯಮದ 131. ಇದನ್ನು ಕರೆ ಮಾಡಿದವರಿಗೆ ನಿಧಾನವಾಗಿ ಬಿಡಿಸಿ ಹೇಳಿ. ಎಷ್ಟೋ ಜನ ಈ ಒಂದು ಮಾತಿಗೇ ಕಾದಿರುತ್ತಾರೆ.

ಕರೆ ಎತ್ತುವವರು ಕೇಳಬೇಕಾದದ್ದು: ಕಣ್ಣಾರೆ ಕಂಡಿರೋ, ಕೇಳಿದಿರೋ? ಯಾರಿಂದ, ಯಾವಾಗ? ಅವರಾಡಿದ ಮಾತನ್ನು ಅವರ ಶಬ್ದದಲ್ಲೇ ಬರೆಯಿರಿ, ಠಾಣೆಯ ಭಾಷೆಗೆ ತಿರುಗಿಸಬೇಡಿ. ಧ್ವನಿಮುದ್ರಣ, ವಾಟ್ಸಾಪ್ ಸಂದೇಶಗಳನ್ನು ನ್ಯಾಯಾಲಯಕ್ಕೆ ಕೊಡಬೇಕಾದರೆ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು, ಫೈಲ್ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯದ ಸಮೇತ. ಮೂಲ ಫೋನನ್ನು ಅಳಿಸಿ ಬೇರೆ ಕೆಲಸಕ್ಕೆ ಕೊಟ್ಟುಬಿಟ್ಟರೆ ಆ ಪ್ರಮಾಣಪತ್ರ ಸಿಗುವುದು ಕಷ್ಟ.

ನಂಬರ್ ಠಾಣೆಯ ಹೆಸರಿನ ಸಿಮ್ ಆಗಿರಲಿ, ಅಧಿಕಾರಿಯ ಸ್ವಂತದ್ದಲ್ಲ. ವರ್ಗಾವಣೆಯಾದಾಗ ಸ್ವಂತ ಸಿಮ್ ಅಧಿಕಾರಿಯ ಜೊತೆಗೇ ಹೋಗುತ್ತದೆ. ಪ್ರಕಟಣೆಯನ್ನು ಕತ್ತರಿಸಿ ಬೀರುವಿನಲ್ಲಿಟ್ಟವರು ಎರಡು ವರ್ಷದ ಮೇಲೂ ಫೋನ್ ಮಾಡುತ್ತಾರೆ. ಆ ಸಿಮ್, ಚಾರ್ಜರ್, ಕರೆ ಪುಸ್ತಕ ಮೂರನ್ನೂ ಚಾರ್ಜ್ ಹಸ್ತಾಂತರದ ಪಟ್ಟಿಯಲ್ಲಿ ಬರೆಸಿ, ಹೊಸಬರ ಸಹಿ ಪಡೆಯಿರಿ.