ಉಪ್ಪುಸೊಳೆಗೆ ನೀರು ಹಾಕುವವರಿಗೆ

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ತಂಗಿಯ ಸೊಸೆ ಫೋನ್ ಮಾಡಿದಳು. "ದೊಡ್ಡತ್ತೆ, ಉಪ್ಪುಸೊಳೆ ಮೇಲೆ ಬೂಸು ಬಂದಿದೆ, ಒಳಗೆಲ್ಲ ಲೋಳೆ." ಉಪ್ಪುಸೊಳೆ ಅಂದರೆ ಭರಣಿಯಲ್ಲಿ ಉಪ್ಪು ಹಾಕಿಟ್ಟ ಹಲಸಿನಕಾಯಿಯ ತೊಳೆ. ನೀರು ಹಾಕಿದ್ದೀಯಾ ಅಂತ ಕೇಳಿದೆ. ಎರಡು ಚೆಂಬು ಹಾಕಿದ್ದಾಳಂತೆ, ಸೊಳೆ ಮುಳುಗಲಿ ಅಂತ! ಅಲ್ಲ, ಉಪ್ಪು ಬಿದ್ದರೆ ಹಲಸಿನ ಸೊಳೆ ತಾನೇ ನೀರು ಬಿಡುತ್ತದೆ, ಅದರಲ್ಲೇ ಮುಳುಗಬೇಕು. ಇಷ್ಟೂ ಗೊತ್ತಿಲ್ಲದಿದ್ದರೆ ಭರಣಿ ಯಾಕೆ ಇಳಿಸಬೇಕಿತ್ತು?

ಗಟ್ಟಿ ಸೊಳೆಯ ಬಕ್ಕೆ ಹಲಸೇ ಬೇಕು, ಮೆತ್ತಗಿನ ಸೊಳೆಯ ತುಳುವ ಹಲಸು ಗಂಜಿಯಾಗುತ್ತದೆ. ಬಲಿತಿರಬೇಕು, ಹಣ್ಣಾಗಿರಬಾರದು. ತಟ್ಟಿದಾಗ ಟಕ್ ಟಕ್ ಅಂದರೆ ಕಾಯಿ. ಡಬ್ ಡಬ್ ಅಂದರೆ ಹಣ್ಣಾಗಲು ಹೊರಟಿದೆ, ಕಡುಬಿಗೆ ಇಡಿ. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಳ್ಳಿ ಅಂತಲೂ ನಾನೇ ಹೇಳಬೇಕಾ? ಸೀರೆಗೆ ಮೇಣ ಹತ್ತಿದರೆ ಮಾತ್ರ ಸೋಪು ತಿಕ್ಕಿ ಇನ್ನಷ್ಟು ಹರಡಬೇಡಿ. ಮೊದಲು ಎಣ್ಣೆ ಹಚ್ಚಿ ಬಿಡಿಸಿ, ಆಮೇಲೆ ಒಗೆಯಿರಿ.

ಸೊಳೆ ಬಿಡಿಸಿ, ಬೇಳೆ, ಅಂದರೆ ಬೀಜ, ತೆಗೆದು, ಉದ್ದಕ್ಕೆ ಸೀಳಿ. ತೊಳೆಯಬೇಡಿ. ಕಲ್ಲುಪ್ಪೇ ಆಗಬೇಕು. ಎಷ್ಟು ಅಂದರೆ, ಬೆರೆಸಿದ ಒಂದು ಸೊಳೆ ಬಾಯಿಗಿಟ್ಟರೆ ಮುಖ ಸೊಟ್ಟಗಾಗಬೇಕು, ಅಷ್ಟು.

ಈಗ ನಿಜವಾದ ಕೆಲಸ. ಭರಣಿಯನ್ನು ಎರಡು ದಿನ ಬಿಸಿಲಲ್ಲಿ ಕವುಚಿಟ್ಟು ಒಣಗಿಸಿರಬೇಕು, ಒಳಗೆ ಕೈಯಾಡಿಸಿದರೆ ತಣ್ಣಗೆ ತಾಗಬಾರದು. ತಳಕ್ಕೆ ಒಂದು ಹಿಡಿ ಉಪ್ಪು, ಮೇಲೆ ನಾಲ್ಕು ಬೆರಳು ಎತ್ತರ ಸೊಳೆ. ಮುಷ್ಟಿ ಕಟ್ಟಿ ಅದುಮಿ, ಸುಮ್ನೆ ತಟ್ಟುವುದಲ್ಲ, ಸೊಳೆಯ ನಡುವೆ ಗಾಳಿ ಉಳಿಯಬಾರದು. ಹೀಗೇ ಒಂದು ಪದರ ಸೊಳೆ, ಒಂದು ಪದರ ಉಪ್ಪು. ಕುತ್ತಿಗೆಗಿಂತ ಒಂದು ಗೇಣು ಕೆಳಗೆ ನಿಲ್ಲಿಸಿ. ಬಾಳೆಲೆಯನ್ನು ಬೆಂಕಿಯಲ್ಲಿ ಬಾಡಿಸಿ, ಒರೆಸಿ, ಎರಡು ಮಡಿಕೆಯಾಗಿ ಮುಚ್ಚಿ, ಅದರ ಮೇಲೆ ಬಿಸಿಲಿಗೆ ಕಾದ ಹೊಳೆಕಲ್ಲು. 3 ದಿನ ದಿನಕ್ಕೊಮ್ಮೆ ಎಲೆ ಎತ್ತಿ, ಒಣಗಿದ ಕೈಯಲ್ಲಿ ಮತ್ತೆ ಅದುಮಬೇಕು. ಮೂರನೆಯ ದಿನ ನೀರು ಮೇಲೆ ಬಂದು ಕಲ್ಲಿನ ಅಂಚು ನೆನೆದಿರುತ್ತದೆ. ನೀರಿನಿಂದ ಮೇಲೆ ಉಳಿದ ಒಂದೇ ಒಂದು ಸೊಳೆ ಸಾಕು, ಬೂಸು ಶುರುವಾಗುವುದು ಅಲ್ಲಿಂದಲೇ. ಆಮೇಲೆ ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಗೆ ತಳ್ಳಿ. ದಿನಾ ಇಣುಕಬೇಡಿ.

ನಮ್ಮಮ್ಮನ ಭರಣಿ ಅಟ್ಟದ ಏಣಿಯ ಹಿಂದೆ ಇರುತ್ತಿತ್ತು. ಹೊಳೆ ತುಂಬಿದರೆ ಪೇಟೆಯ ತರಕಾರಿ ಕನಸು, ಆ ಭರಣಿಯೇ ತೋಟ. ನಮಗೆ ಕಿಸೆಯಲ್ಲಿ ಸಾಂತಾಣಿ, ಅಂದರೆ ಉಪ್ಪಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೇಳೆ, ಶಾಲೆ ಮುಟ್ಟುವವರೆಗೆ ಚೀಪುವುದು. ನಮ್ಮ ಹಲಸಿನ ಮರದ ಒಂದು ಎಲೆಯೂ ವ್ಯರ್ಥವಾಗುತ್ತಿರಲಿಲ್ಲ, ಅಷ್ಟಮಿಗೆ ಎಲೆಯಿಂದ ದೊನ್ನೆಯಂಥ ಕೊಟ್ಟೆ ಕಟ್ಟಿ ಕಡುಬು. ಕೊನೆಗೆ ಮರ ಬಿದ್ದಾಗ ಒಂದು ತುಂಡು ಮದ್ದಳೆಗೆ ಅಂತ ಯಕ್ಷಗಾನ ಆಟದವರು ಒಯ್ದರು.

ತೆಗೆಯುವಾಗ ಒದ್ದೆ ಸೌಟು ಹಾಕಿದರೆ ನನ್ನ ಹತ್ತಿರ ಬರಬೇಡಿ. ಬೇಕಾದಷ್ಟು ತೆಗೆದು ಹಿಂದಿನ ರಾತ್ರಿ ನೀರಲ್ಲಿ ನೆನೆಸಿ, ಎರಡು ಸಲ ನೀರು ಬದಲಿಸಿ, ಹಿಂಡಿ. ಪಲ್ಯ ಮಾಡಿ, ಇಲ್ಲಾ ಅಕ್ಕಿ, ತೆಂಗಿನಕಾಯಿ ಜೊತೆ ರುಬ್ಬಿ ಬಾಳೆಲೆ ಮೇಲೆ ರೊಟ್ಟಿ ತಟ್ಟಿ. ಅದೇ ಹಿಟ್ಟನ್ನು ಗಟ್ಟಿಯಾಗಿ ರುಬ್ಬಿ, ಚಿಕ್ಕ ಚಿಕ್ಕ ಉಂಡೆ ಕಟ್ಟಿ, ಸಣ್ಣ ಉರಿಯಲ್ಲಿ ಕರಿದರೆ ಉಂಡ್ಲಕಾಳು. ಹಿಟ್ಟಿಗೆ ಮತ್ತೆ ಉಪ್ಪು ಹಾಕಬೇಡಿ. ಹೋದ ವರ್ಷ ಯಾರು ಹಾಕಿದರು ಅಂತ ನಾನು ಹೇಳುವುದಿಲ್ಲ.