ನಾಲ್ಕು ಟ್ರ್ಯಾಕಿನ ಡಬ್: ನನ್ನ ಅನುಭವ

ಮೂರು ವರ್ಷದ ಹಿಂದೆ ಹಳೇ ಎಂಟು ಚಾನೆಲ್ ಮಿಕ್ಸರ್ ಹೊತ್ತು ತಂದಾಗ, ರೆಕಾರ್ಡಿಂಗ್ ಕೆಲಸದಲ್ಲಿ ನನಗಿಂತ ಹಿರಿಯರೊಬ್ಬರು ನೋಡಿ, "ಕಂಪ್ಯೂಟರಲ್ಲೇ ಎಲ್ಲಾ ಇದೆಯಲ್ಲಪ್ಪಾ, ಈ ಗುಜರಿ ಸಾಮಾನು ಯಾಕೆ?" ಅಂದರು. ಹೋದ ತಿಂಗಳು ಅವರೇ ಮನೆಗೆ ಬಂದಿದ್ದರು. ಒಂದು ಮಿಕ್ಸ್ ಪೂರ್ತಿ ಕೇಳಿ, "ಯಾವ ಕಾಲದ ಜಮೈಕಾ ರೆಕಾರ್ಡು ಇದು?" ಅಂತ ಕೇಳಿದರು. ನಂದೇ ಸಾರ್, ಅಂದೆ. ಆ ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಡಬ್ ಅಂದರೆ ರೆಗೆ ಹಾಡೊಂದನ್ನು ಬಿಚ್ಚಿ, ದನಿ ಮತ್ತು ವಾದ್ಯಗಳನ್ನು ತೆಗೆದು ಹಾಕುತ್ತಾ, ಎಕೋ ಸೇರಿಸಿ ಮತ್ತೆ ಮಿಕ್ಸ್ ಮಾಡುವ ಜಮೈಕಾದ ಶೈಲಿ.

ಮೊದಲ ಎಂಟು ತಿಂಗಳು ನಾನೂ ಕಂಪ್ಯೂಟರಲ್ಲೇ ಮಾಡಿದೆ. ಇಪ್ಪತ್ತು ಟ್ರ್ಯಾಕ್, ಆರು ಡಿಲೇ (ಎಕೋ), ಯಾವುದು ಯಾವಾಗ ಏರಬೇಕು, ಇಳಿಯಬೇಕು ಅಂತ ಎಲ್ಲದಕ್ಕೂ ಮೌಸ್ ಹಿಡಿದು ಆಟೊಮೇಶನ್ ಗೆರೆ. ಪ್ರತಿ ಎಕೋ ಸರಿಯಾದ ಜಾಗದಲ್ಲೇ ಬೀಳುತ್ತಿತ್ತು. ಕೇಳಿದರೆ ಜೀವ ಇರಲಿಲ್ಲ.

ಕಣ್ಣು ತೆರೆಸಿದ್ದು ಜಮೈಕಾದ ಸೌಂಡ್ ಎಂಜಿನಿಯರ್ ಕಿಂಗ್ ಟಬ್ಬಿ. ಕಿಂಗ್‌ಸ್ಟನ್‌ನ ವಾಟರ್‌ಹೌಸ್‌ನಲ್ಲಿ, ಡ್ರೊಮಿಲಿ ಅವೆನ್ಯೂದ ಒಂದು ಪುಟ್ಟ ಮನೆ ಅವನ ಸ್ಟುಡಿಯೋ. ಹಾಡುವವರಿಗೆ ಬಚ್ಚಲುಮನೆಯೇ ಬೂತ್. ವಾದ್ಯದವರು ಕೂರುವಷ್ಟು ಜಾಗವೇ ಇಲ್ಲ. ಬೇರೆ ಸ್ಟುಡಿಯೋದಲ್ಲಿ ರೆಕಾರ್ಡ್ ಆದ ನಾಲ್ಕು ಟ್ರ್ಯಾಕಿನ ಟೇಪ್ ಅಲ್ಲಿಗೆ ಬರುತ್ತಿತ್ತು, ಅವನು ಅದನ್ನು ಬಿಚ್ಚಿ ಬೇರೆಯದೇ ಮಾಡುತ್ತಿದ್ದ. ಮೂಲದಲ್ಲಿ ಅವನು ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಡಬ್ ಹೊಸದಾಗಿ ಕೇಳುವವರು ಅವನಿಂದಲೇ ಶುರು ಮಾಡಿ. ಆಮೇಲೆ ಅವನ ಕೈಕೆಳಗೆ ಕಲಿತ ಸೈಂಟಿಸ್ಟ್. ಲೀ ಪೆರಿಯನ್ನು ಮೂರನೆಯವನಾಗಿ ಕೇಳಿ. ಮನೆಯ ಹಿತ್ತಲಲ್ಲಿ ಕಟ್ಟಿಕೊಂಡ ಬ್ಲ್ಯಾಕ್ ಆರ್ಕ್‌ನಲ್ಲಿ ಅವನು ನಾಲ್ಕೇ ಟ್ರ್ಯಾಕಿನ ಮೇಲೆ ಪದರ ಪದರವಾಗಿ ಸದ್ದು ಪೇರಿಸುತ್ತಿದ್ದ. ಮೊದಲೇ ಅದನ್ನು ಕೇಳಿದರೆ ಗೊಂದಲ ಆಗುತ್ತದೆ.

ಡಬ್ ಹುಟ್ಟಿದ್ದೇ ಹಾಡಿನಿಂದ ದನಿ ತೆಗೆದಿದ್ದರಿಂದ. 1960ರ ದಶಕದ ಕೊನೆಗೆ, ರಡ್ಡಿ ರೆಡ್‌ವುಡ್ ಅನ್ನುವ, ಪಾರ್ಟಿಗಳಲ್ಲಿ ದೊಡ್ಡ ಸ್ಪೀಕರ್ ಇಟ್ಟು ರೆಕಾರ್ಡ್ ಹಾಕುವ ಸೌಂಡ್ ಸಿಸ್ಟಮ್‌ನವನಿಗೆ ಕೊಟ್ಟ ಡಿಸ್ಕ್‌ನಲ್ಲಿ ಹಾಡುಗಾರರ ದನಿ ಬಿಟ್ಟುಹೋಗಿತ್ತು. ಹಾಗೇ ಹಾಕಿದ, ಜನರೇ ಹಾಡಿದರು. ಪ್ರೊಡ್ಯೂಸರ್‌ಗಳಿಗೂ ಲಾಭ: ರೆಕಾರ್ಡಿನ ಎರಡನೇ ಮಗ್ಗುಲಿಗೆ ಬೇರೆ ಹಾಡು ಮಾಡಿಸುವ ಖರ್ಚು ಉಳಿಯಿತು. ಅದಕ್ಕೆ 'ವರ್ಶನ್' ಅಂತ ಹೆಸರಿಟ್ಟು ಮಾರಿದರು.

ಇಷ್ಟು ತಲೆಗೆ ಹೋದ ಮೇಲೆ ನಾನೂ ಎಲ್ಲಾ ಸೇರಿಸಿ ನಾಲ್ಕು ಮಾಡಿದೆ. ಡ್ರಮ್ಸ್ ಒಂದು, ಬೇಸ್ ಒಂದು, ಗಿಟಾರ್ ಮತ್ತು ಕೀಬೋರ್ಡ್ ಒಂದು, ದನಿ ಒಂದು. ಕಂಪ್ಯೂಟರಿನ ಸದ್ದು ಹೊರತರುವ ಇಂಟರ್‌ಫೇಸ್‌ನಿಂದ ಮಿಕ್ಸರ್‌ಗೆ ನಾಲ್ಕು ವೈರ್. ಇನ್ನು ಮೌಸ್ ಮುಟ್ಟುವಂತಿಲ್ಲ.

ದುಡ್ಡು ಹೋಗಿದ್ದು ಎಕೋದಲ್ಲಿ. ಯಾರೋ ಮಾರುತ್ತಿದ್ದ ಹಳೇ ಟೇಪ್ ಎಕೋ (ಸದ್ದನ್ನು ಟೇಪಿಗೆ ಹಿಡಿದು ಮತ್ತೆ ಮತ್ತೆ ನುಡಿಸುವ ಯಂತ್ರ), 35 ಸಾವಿರದ ಹತ್ತಿರ ಕೊಟ್ಟೆ. ಹತ್ತು ಹನ್ನೊಂದು ದಿನ ಅದ್ಭುತವಾಗಿತ್ತು. ಆಮೇಲೆ ಮೋಟರ್ ಎಳೆಯತೊಡಗಿತು, ಟೇಪ್ ಹರಿಯಿತು, ರಿಪೇರಿಗೆ 12 ಸಾವಿರ ಕೇಳಿದರು. 14ಕ್ಕೆ ಮಾರಿಬಿಟ್ಟೆ. ಎರಡು ದಿನ ಊಟ ರುಚಿಸಲಿಲ್ಲ. ಕೊನೆಗೆ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಡಿಲೇ ಪೆಡಲ್ ತಗೊಂಡೆ, ಆರು ಸಾವಿರದ ಆಸುಪಾಸು.

ಪೆಡಲ್‌ನಿಂದ ಆ ಸದ್ದು ಬರಲ್ಲ ಅಂತ ಎಲ್ಲರೂ ಹೇಳಿದರು. ಬರುತ್ತೆ. ಪೆಡಲ್‌ನ ಔಟ್‌ಪುಟ್ಟನ್ನು ರಿಟರ್ನ್‌ಗೆ (ಎಫೆಕ್ಟ್ ವಾಪಸ್ ಬರುವ ಮಾಮೂಲಿ ಜಾಕ್) ಹಾಕಬೇಡಿ, ಖಾಲಿ ಇರುವ ಒಂದು ಚಾನೆಲ್‌ಗೆ ಹಾಕಿ. ಅಲ್ಲಿ ಬೇಸ್ ಪೂರ್ತಿ ಕಡಿಮೆ ಮಾಡಿ, ಟ್ರೆಬಲ್ ಅರ್ಧ ಇಳಿಸಿ. ಈಗ ಅದೇ ಚಾನೆಲ್‌ನ ಆಕ್ಸ್ (ಎಕೋಗೆ ಎಷ್ಟು ಸದ್ದು ಕಳಿಸಬೇಕು ಅನ್ನುವ ಗುಂಡಿ) ತಿರುಗಿಸಿದರೆ ಎಕೋ ತನ್ನನ್ನೇ ತಿನ್ನುತ್ತಾ ಸುತ್ತುತ್ತದೆ. ಪ್ರತಿ ಸುತ್ತಿಗೂ ಇನ್ನಷ್ಟು ತೆಳುವಾಗುತ್ತದೆ, ಮಸುಕಾಗುತ್ತದೆ. ಟೇಪ್‌ನಲ್ಲೂ ಆಗುತ್ತಿದ್ದದ್ದು ಇದೇ ಅಲ್ವಾ? ನನ್ನ ಮಿಕ್ಸರಲ್ಲಿ ಆ ಗುಂಡಿ ಗಡಿಯಾರದ ಒಂಬತ್ತು ಗಂಟೆಯ ಜಾಗದ ತನಕ ಭಯವಿಲ್ಲ. ಒಮ್ಮೆ ಹನ್ನೆರಡರ ತನಕ ತಿರುಗಿಸಿದೆ. ಕೂಗಿಕೊಂಡಿತು, ಒಂದು ಟ್ವೀಟರ್ ಹೋಯಿತು, 1,800 ರೂಪಾಯಿ.

ನಿಮಿಷಕ್ಕೆ 72 ಬೀಟ್ ಇದ್ದರೆ ಡಾಟೆಡ್ ಎಂಟನೇ ನೋಟ್, ಅಂದರೆ ಮುಕ್ಕಾಲು ಬೀಟ್, 625 ಮಿಲಿಸೆಕೆಂಡ್. ಎಕೋದ ಅಂತರ ನಾನು ಇಡುವುದು ಅದಕ್ಕಿಂತ ಸ್ವಲ್ಪ ಜಾಸ್ತಿ. ಎಷ್ಟು ಅಂತ ನಿಮ್ಮ ಕಿವಿಯೇ ಹೇಳಲಿ.

ಸ್ಪ್ರಿಂಗ್ ರಿವರ್ಬ್ ಟ್ಯಾಂಕ್ (ಸದ್ದನ್ನು ಸ್ಪ್ರಿಂಗ್ ಮೂಲಕ ಹಾಯಿಸಿ ಮೊಳಗಿಸುವ ಡಬ್ಬಿ) ಕೆಟ್ಟ ಗಿಟಾರ್ ಆಂಪ್‌ನಿಂದ ಸಿಕ್ಕಿತು, ಎರಡೂವರೆ ಸಾವಿರ. ನೇರ ಆಕ್ಸ್‌ಗೆ ಸಿಕ್ಕಿಸಿದಾಗ ಬಾವಿ ಆಳದಿಂದ ಬಂದಂತೆ ಒಂದಿಷ್ಟು ಸದ್ದು, ಉಳಿದದ್ದೆಲ್ಲಾ ಗುಂಯ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನೂರಿನ್ನೂರಕ್ಕೆ ಸಿಗುವ ಚಿಕ್ಕ ಆಂಪ್ ಬೋರ್ಡ್ ಮಧ್ಯೆ ಹಾಕಿದ ಮೇಲೆ ಸದ್ದು ಎದ್ದಿತು. ಟ್ಯಾಂಕನ್ನು ಅಡಾಪ್ಟರ್‌ಗಳಿಂದ ಮೂರಡಿ ದೂರ ಒಯ್ದು ಅಡ್ಡ ತಿರುಗಿಸಿದ ಮೇಲೆ ಗುಂಯ್ ಹೋಯಿತು. ಟಬ್ಬಿ ಮಾಡುತ್ತಿದ್ದ ಹಾಗೆ ಅದನ್ನು ಬೆರಳಿಂದ ಒಮ್ಮೆ ಕುಟ್ಟಿ ನೋಡಿ. ಗುಡುಗು!

ಅವನ ಇನ್ನೊಂದು ಗುರುತು ಆ ದೊಡ್ಡ ಗುಂಡಿಯ ಹೈಪಾಸ್ ಫಿಲ್ಟರ್, ಕೆಳಗಿನ ಬೇಸ್ ಸದ್ದನ್ನು ಕತ್ತರಿಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದ್ದು. ನಾನು ಹನ್ನೊಂದು ಸ್ಥಾನದ ರೋಟರಿ ಸ್ವಿಚ್ ತಂದು ಬೆಸುಗೆ ಹಾಕಿಕೊಂಡೆ. ಸುಮಾರು ಮುನ್ನೂರು ರೂಪಾಯಿ ಆಯಿತು. ಯಾವ ಮೆಟ್ಟಿಲಿಗೆ ಯಾವ ಕೆಪಾಸಿಟರ್ ಅನ್ನುವುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನಾಲ್ಕು ತಿಂಗಳ ಕೆಲಸ ಅದು.

ಇನ್ನು ಕೈಕೆಲಸ. ನಾಲ್ಕನೇ ಬಾರ್ (ನಾಲ್ಕು ಬೀಟಿನ ಒಂದು ಸುತ್ತು) ಮುಗಿಯುವಾಗ ಗಿಟಾರಿನ ಕೊನೆಯ 'ಚಕ್' ಬರುತ್ತದಲ್ಲ, ಅದೊಂದಕ್ಕೆ ಮಾತ್ರ ಬಲಗೈಯಲ್ಲಿ ಆಕ್ಸ್ ತೆರೆಯಬೇಕು. ಮುಂದಿನ 'ಚಕ್' ಬರುವಷ್ಟರಲ್ಲಿ ಆಕ್ಸ್ ಮುಚ್ಚಿ, ಎಡಗೈಯಲ್ಲಿ ಗಿಟಾರ್ ಫೇಡರ್ ಕೆಳಗೆ. ಗಿಟಾರ್ ಹೋಯಿತು, ಅದರ ನೆರಳು ಮಾತ್ರ ಬೇಸ್ ಮೇಲೆ ತೇಲುತ್ತಿದೆ. ರೆಗೆಯ ತಾಳ ಒನ್ ಡ್ರಾಪ್‌ನಲ್ಲಿ ಮೊದಲ ಬೀಟ್‌ಗೆ ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಇರುವುದಿಲ್ಲ, ಮೂರನೆಯದಕ್ಕೆ ಬೀಳುತ್ತದೆ. ಆ ಖಾಲಿ ಜಾಗದಲ್ಲೇ ಎಕೋಗೆ ಉಸಿರು. ಇಡೀ ಹಾಡು ಒಂದೇ ಟೇಕ್, ತಪ್ಪಿದರೆ ಮೊದಲಿಂದ. ಹಿರಿಯರು ಕೇಳಿದ್ದು ಇಪ್ಪತ್ಮೂರನೆಯದೋ ಇಪ್ಪತ್ನಾಲ್ಕನೆಯದೋ ಟೇಕ್.

ಮಧ್ಯೆ ತಮಟೆಯನ್ನೂ ಹಾಕಿ ನೋಡಿದೆ. ಪೆಟ್ಟುಗಳು ಒತ್ತೊತ್ತಾಗಿ ಬರುವುದರಿಂದ ಎಕೋ ಎಲ್ಲಾ ಕಲಸಿಹೋಯಿತು. ಎಂಟು ಬಾರ್‌ಗೆ ಒಂದೇ ಪೆಟ್ಟು ಸ್ಪ್ರಿಂಗ್‌ಗೆ ಕಳಿಸಿದಾಗ ಮೈ ಜುಮ್ಮೆಂದಿತು. 1985ರಲ್ಲಿ ಪ್ರೊಡ್ಯೂಸರ್ ಜ್ಯಾಮಿ ಪುಟ್ಟ ಕ್ಯಾಸಿಯೋ ಕೀಬೋರ್ಡಿನ ರಿದಮ್‌ನಿಂದ ಜಮೈಕಾದ ಸಂಗೀತವನ್ನೇ ಡಿಜಿಟಲ್ ಕಡೆ ತಿರುಗಿಸಿದ. ಆ ದಾರಿಯಲ್ಲೂ ಎರಡು ಮಿಕ್ಸ್ ಮಾಡಿದೆ, ಬೇಸ್ ಗಟ್ಟಿ ಬಂತು. ಬರ್ಲಿನ್‌ನವರ ಡಬ್ ಟೆಕ್ನೋ (ಡಬ್‌ನ ಎಕೋ ಹಾಕಿದ ಎಲೆಕ್ಟ್ರಾನಿಕ್ ಸಂಗೀತ) ಇನ್ನೂ ಸುಲಭ ಅನ್ನಿಸಿತು: ಒಂದೇ ಕಾರ್ಡ್ (ಕೂಡಿ ನುಡಿಸುವ ಸ್ವರಗಳ ಗುಂಪು), ಪೆಡಲ್ ಹಾಕಿದ ಅದೇ ಎಕೋ ಚಾನೆಲ್, ಇಪ್ಪತ್ತು ನಿಮಿಷ. ಡಬ್‌ಸ್ಟೆಪ್ ಮಾತ್ರ ನನ್ನ ಸ್ಪೀಕರ್‌ಗೆ ಆಗುವಂಥದ್ದಲ್ಲ. 50 ಹರ್ಟ್ಜ್‌ಗಿಂತ ಕೆಳಗಿನ ಬೇಸೇ ಅದರ ಜೀವ, ನನ್ನ ಸ್ಪೀಕರ್ ಅಲ್ಲಿ ಏನೂ ಕೊಡುವುದಿಲ್ಲ.

ಟೇಪ್ ಎಕೋದ ನಷ್ಟ ಬಿಟ್ಟರೆ ಎಲ್ಲಾ ಸೇರಿ ಇಪ್ಪತ್ತು ಸಾವಿರದ ಒಳಗೇ ಆಗಿದೆ. ಆ ಹಿರಿಯರು ಹೋಗುವಾಗ ತಮ್ಮ ಹಳೇ ರೆಕಾರ್ಡಿಂಗ್ ಒಂದರ ಟ್ರ್ಯಾಕ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟು ಹೋಗಿದ್ದಾರೆ. ಒಟ್ಟು ಮೂವತ್ತೆರಡು ಟ್ರ್ಯಾಕ್. ಈ ಭಾನುವಾರ ಕೂತು ನಾಲ್ಕಕ್ಕೆ ಇಳಿಸಬೇಕು.